ಮೂರನೇ ಜ್ವರದ ತಾರೀಖು

ರೇಷ್ಮೆಯ ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದ ಬಾಗಿಲಲ್ಲೇ ಡಾಕ್ಟರ್ ಪ್ರತಿಮಾಳನ್ನು ತಡೆದು ನಿಲ್ಲಿಸಿದ ಮನುಷ್ಯ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಮೂಗರಳಿಸಿ ಒಂದು ಸಲ ಗಾಳಿ ಎಳೆದುಕೊಂಡು, "ಸೆಂಟ್ ಹಾಕ್ಕಂಡಿದ್ದೀರಾ?" ಅಂದ.

"ಏನಂದ್ರಿ?"

"ಸೆಂಟು, ಪೌಡರು, ಏನೋ ಒಂದು. ಹುಳಕ್ಕೆ ಆಗಲ್ಲ ಮೇಡಂ. ಅಲ್ಲೇ ನಿಂತ್ಕಳಿ, ಒಳಕ್ಕೆ ಬರಬ್ಯಾಡಿ."

ಪ್ರತಿಮಾಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ರಾಮನಗರದಿಂದ ಕೈಲಾಂಚದವರೆಗೆ ಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದಿದ್ದಾಳೆ, ಒಂದು ಲೋಟ ನೀರು ಬೇಕಾ ಅಂತ ಕೇಳುವುದು ಬಿಟ್ಟು ಮೂಸಿ ನೋಡುತ್ತಾನಲ್ಲ, ಎಂಥ ಆಸಾಮಿ ಇವನು! ಆದರೆ ಕೆಲಸ ಅವಳದ್ದು, ಗರಜು ಅವಳದ್ದು. ಸಿಟ್ಟು ನುಂಗಿಕೊಂಡಳು.

"ನಟರಾಜು ಅಂದ್ರೆ ನೀವೇನಾ? ಮೂರು ಮನೆ ಹೆಸರು ಹೇಳ್ತೀನಿ. ಆ ಮನೆಗಳಿಗೆ ನೀವು ಹುಳ ಕೊಟ್ಟ ತಾರೀಖು ಬೇಕಿತ್ತು."

"ರೇಷ್ಮೆ ಇಲಾಖೆಯೋರಾ?"

"ಅಲ್ಲ."

"ಬೇರೆ ಚಾಕಿ ಸೆಂಟರ್‌ನೋರು ಕಳ್ಸವ್ರಾ?"

"ಅಲ್ಲ."

"ಹಂಗಾದ್ರೆ ನಮ್ಮವ್ವ ನೋಡಿರೋ ಹುಡುಗಿ ಕಡೆಯೋರು. ನಾನು ಹೆಂಗೆ ಅಂತ ವಿಚಾರ್ಸೋಕೆ ಬಂದಿದ್ದೀರಾ."

ಪ್ರತಿಮಾಗೆ ನಗು ತಡೆಯಲಾಗಲಿಲ್ಲ. "ನೀವು ಹೆಂಗೆ ಅನ್ನೋದು ಬಾಗಿಲಲ್ಲೇ ಗೊತ್ತಾಯ್ತು ಬಿಡಿ."

ಅವನೂ ನಕ್ಕ. ತಲೆಗೂದಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಚೂರು ಸಿಕ್ಕಿಕೊಂಡಿತ್ತು. ವಯಸ್ಸು ಮೂವತ್ತು ದಾಟಿರಲಾರದು. ಒಳಗೆ ಹೋಗಿ ಗೋಡೆಯ ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ತಂದ. ಒಂದೊಂದು ತಾರೀಖಿನ ಚೌಕದಲ್ಲೂ ಇರುವೆ ಸಾಲಿನ ಹಾಗೆ ಮನೆಗಳ ಹೆಸರು. ಮೂರು ತಾರೀಖು ಬರೆಸಿ, "ಈಗ ಹೇಳಿ, ಯಾತಕ್ಕೆ?" ಅಂದ.

"ಹೇಳೋ ಹಂಗಿಲ್ಲ."

"ಅಯ್ಯೋ, ಒಳ್ಳೆ ಕತೆ ಆಯ್ತಲ್ಲ!"

ಹೇಳುವ ಹಾಗಿರಲಿಲ್ಲ, ನಿಜ. ಹೆಂಗಸರು ನಂಬಿ ಹೇಳಿದ ಮಾತು ಅದು.

ಪ್ರತಿಮಾ ರಾಮನಗರದ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ವಿಭಾಗದ ಪಿ.ಜಿ. ವಿದ್ಯಾರ್ಥಿನಿ. ಅವಳ ಥೀಸಿಸ್ ಮಾಸಿನ ಮೇಲೆ, ಅಂದರೆ ಪ್ಲಾಸೆಂಟಾ ಮೇಲೆ. ಮಗು ಹುಟ್ಟಿದ ಮೇಲೆ ಯಾರೂ ತಿರುಗಿ ನೋಡದ ಮಾಸು, ಒಳಗಿರುವವರೆಗೂ ತಾನೇ ಒಂದು ಗಡಿಯಾರ. ಹೊಕ್ಕುಳಬಳ್ಳಿ ಬಂದು ಸೇರುವ ಜಾಗದಲ್ಲಿ ಅದರ ದಪ್ಪ ಅಳೆದರೆ, ಎಷ್ಟು ಮಿಲಿಮೀಟರ್ ಇದೆಯೋ ಹೆಚ್ಚೂಕಮ್ಮಿ ಬಸಿರಿಗೆ ಅಷ್ಟೇ ವಾರ. ಇಪ್ಪತ್ತು ಮಿಲಿಮೀಟರ್, ಇಪ್ಪತ್ತು ವಾರ. ಮೊದಲ ಸಲ ಇದನ್ನು ಓದಿದಾಗ ಪ್ರತಿಮಾಗೆ ನಂಬಿಕೆಯೇ ಬಂದಿರಲಿಲ್ಲ. ಎಲ್ಲಿಯ ಮಿಲಿಮೀಟರ್, ಎಲ್ಲಿಯ ವಾರ! ಆಮೇಲೆ ಕಂಡ ಕಂಡ ಮಾಸನ್ನೆಲ್ಲ ಅಳೆಯುವ ಹುಚ್ಚು ಹತ್ತಿತು.

ಆದರೆ ಗಡಿಯಾರ ಸರಿಯಾಗಿದೆಯಾ ಅಂತ ತಿಳಿಯಲು ನಿಜವಾದ ಸಮಯ ಗೊತ್ತಿರಬೇಕಲ್ಲ? ಅದಕ್ಕೆ ಕೊನೆಯ ಮುಟ್ಟಿನ ತಾರೀಖು ಬೇಕು. ಹಳ್ಳಿಯ ಹೆಂಗಸರನ್ನು ಕೇಳಿದರೆ, "ಹುಳ ಮೂರ್ನೇ ಜ್ವರದಾಗಿದ್ವು ಕಣವ್ವಾ, ನಾನು ಹುಳುಮನೆ ಒಳಕ್ಕೆ ಹೋಗ್ನಿಲ್ಲ" ಅನ್ನುತ್ತಿದ್ದರು. ಮಿಕ್ಕ ಡಾಕ್ಟರುಗಳು ತಲೆ ಚಚ್ಚಿಕೊಂಡರು. ರೇಷ್ಮೆ ಬೆಳೆಯುವ ಮಾಗಡಿ ಕಡೆಯ ಪ್ರತಿಮಾಳ ಕಿವಿ ಮಾತ್ರ ನೆಟ್ಟಗಾಯಿತು.

ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಮೊದಲ ಎರಡು ಜ್ವರ ಮುಗಿಯುವವರೆಗೆ ಹುಳು ಚಾಕಿ ಕೇಂದ್ರದಲ್ಲಿ, ಆಮೇಲೆ ರೈತರ ಮನೆಯಲ್ಲಿ. ಮನೆಗೆ ಬಂದ ನಾಲ್ಕನೇ ದಿನಕ್ಕೆ ಮೂರನೇ ಜ್ವರ. ಹೊರಗಾದ ಹೆಂಗಸು ಹುಳುಮನೆ ಹೊಸ್ತಿಲು ದಾಟುವುದಿಲ್ಲ ಅನ್ನುವುದು ಇಲ್ಲಿಯ ರೂಢಿ. ಆ ರೂಢಿ ಸರಿಯೋ ತಪ್ಪೋ, ತಾನು ಒಳಗೆ ಹೋಗದ ದಿನ ಹುಳು ಯಾವ ಜ್ವರದಲ್ಲಿತ್ತು ಅನ್ನುವುದನ್ನು ಯಾವ ಹೆಂಗಸೂ ಮರೆಯುವುದಿಲ್ಲ. ಹುಳು ಮನೆಗೆ ಬಂದ ತಾರೀಖು ಸಿಕ್ಕಿದರೆ ಲೆಕ್ಕ ಹಾಕುವುದು ಎಷ್ಟು ಹೊತ್ತಿನ ಕೆಲಸ? ಹಾಗಾಗಿಯೇ ಅವಳು ನಟರಾಜುವಿನ ಬಾಗಿಲಿಗೆ ಬಂದಿದ್ದು.

ಆಮೇಲೆ ಎಷ್ಟು ಸಲ ಬಂದಳೋ! ಫೋನಲ್ಲಿ ಕೇಳಿದರೆ ಎರಡು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೂ ಸ್ಕೂಟರ್ ಹತ್ತುತ್ತಿದ್ದಳು. ಸೆಂಟ್ ಹಾಕುವುದು ಬಿಟ್ಟಳು. ಹಾಸ್ಟೆಲ್‌ನಲ್ಲಿ ಗೆಳತಿಯರು ಕೇಳಿದರೆ, "ಅಲರ್ಜಿ" ಅಂದಳು.

"ಬನ್ನಿ ಡಾಕ್ಟ್ರೇ, ಇವತ್ತು ಯಾರ ಮನೆ?" ಎನ್ನುತ್ತ ಅವನು ಕ್ಯಾಲೆಂಡರ್ ಹಿಡಿದು ಬರುತ್ತಿದ್ದ. ಅವಳು ಡಾಕ್ಟರು ಅನ್ನುವುದನ್ನು ಸ್ಕೂಟರ್ ಮೇಲಿನ ಸ್ಟಿಕರ್ ನೋಡಿ ಎರಡನೇ ದಿನವೇ ಕಂಡುಹಿಡಿದಿದ್ದ. ಅದರಿಂದ ಅವನ ಕುತೂಹಲ ತಣ್ಣಗಾಗುವ ಬದಲು ಹೆಚ್ಚಾಗಿತ್ತು. ಹುಳುವಿಗೂ ಮನುಷ್ಯರ ಡಾಕ್ಟರಿಗೂ ಏನು ಸಂಬಂಧ?

"ರೇಷ್ಮೆ ದಾರದಲ್ಲಿ ಹೊಲಿಗೆ ಹಾಕ್ತೀರಾ?"

"ಇಲ್ಲ."

"ಹುಳ ಸಾಕೋರಿಗೆ ದಮ್ಮು ಬತ್ತದಾ ಅಂತ ಲೆಕ್ಕನಾ?"

"ಅದೂ ಅಲ್ಲ."

"ಹಂಗಾದ್ರೆ ನನ್ನ ನೋಡೋಕೇ ಬತ್ತಾ ಇದ್ದೀರಾ. ತಾರೀಖು ಒಂದು ನೆಪ."

ಅವನು ತಮಾಷೆಗೆ ಅಂದಿದ್ದು. ಆದರೆ ಅಂದವನೇ ಅವಳ ಮುಖ ನೋಡಿದ, ಅವಳು ಅವನ ಮುಖ ನೋಡಿದಳು. ಪ್ರತಿಮಾ ಕ್ಯಾಲೆಂಡರಿನಲ್ಲಿ ಇಲ್ಲದ ತಾರೀಖನ್ನು ಹುಡುಕತೊಡಗಿದಳು. ಅವನು ಇಲ್ಲದ ಸೊಪ್ಪನ್ನು ಅಂಗಿಯಿಂದ ಕೊಡವತೊಡಗಿದ. ಆ ಸಂಜೆ ವಾಪಸ್ ಹೋಗುವಾಗ ದಾರಿಯುದ್ದಕ್ಕೂ ಅವಳು ಒಬ್ಬಳೇ ನಗುತ್ತಿದ್ದಳು. ಎದುರಿಗೆ ಬಂದ ಬಸ್ಸಿನ ಡ್ರೈವರ್ ತನ್ನನ್ನು ನೋಡಿಯೇ ನಕ್ಕಳೆಂದುಕೊಂಡು ಹಾರನ್ ಬಾರಿಸಿದ.

ಅವನು ಒಂದು ದಿನ ಎರಡನೇ ಜ್ವರದ ಹುಳು ತೋರಿಸಿದ. ಕೈ ತೊಳೆದು, ಬ್ಲೀಚಿಂಗ್ ನೀರಲ್ಲಿ ಪಾದ ಅದ್ದಿ, ಉಸಿರು ಬಿಗಿಹಿಡಿದು ಅವಳು ತಟ್ಟೆಯ ಮೇಲೆ ಬಗ್ಗಿದಳು. ಸಾವಿರಾರು ಹುಳು ತಲೆ ಎತ್ತಿ ಸುಮ್ಮನೆ ನಿಂತಿದ್ದವು. "ಈಗ ಮುಟ್ಟಬಾರದು, ಸೊಪ್ಪು ಹಾಕಬಾರದು, ಅವಸರ ಮಾಡಬಾರದು. ತಾವಾಗೇ ಏಳಬೇಕು," ಎಂದು ಪಿಸುಗುಟ್ಟಿದ. ಅಷ್ಟು ಹತ್ತಿರದಲ್ಲಿ ಅವನ ದನಿ ಕೇಳಿದ್ದು ಅದೇ ಮೊದಲು. ಹುಳು ನೋಡುವುದನ್ನು ಬಿಟ್ಟು ಅವಳು ಅವನ ರೆಪ್ಪೆಗಳನ್ನು ನೋಡಿದಳು. ಗಂಡಸರಿಗೆ ಅಷ್ಟು ಉದ್ದದ ರೆಪ್ಪೆ ಯಾತಕ್ಕೆ ಬೇಕೋ ದೇವರೇ ಬಲ್ಲ.

ಹೀಗೆ ಜೂನ್ ಹೋಗಿ ಡಿಸೆಂಬರ್ ಬಂತು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಡಿಸೆಂಬರ್ ಹದಿನೆಂಟು, ಶುಕ್ರವಾರ. ಆಶಾ ಕಾರ್ಯಕರ್ತೆ ಮಾಯಮ್ಮ ಒಬ್ಬ ಬಸುರಿಯನ್ನು ಹೆಚ್ಚೂಕಮ್ಮಿ ಎಳೆದುಕೊಂಡೇ ಸ್ಕ್ಯಾನಿಂಗಿಗೆ ಬಂದಳು. ಶ್ವೇತ, ಕೈಲಾಂಚದ ಹತ್ತಿರದ ಕೆಂಚಮ್ಮನವರ ಸೊಸೆ. ಹಿಂದಿನ ಬಸಿರು ಸ್ಕ್ಯಾನ್ ಮಾಡಿಸಿದ ವಾರದಲ್ಲೇ ಹೋಗಿತ್ತಂತೆ. ಮಶೀನೇ ಮಗುವನ್ನು ತಿಂದಿತು ಅಂದುಕೊಂಡ ಹುಡುಗಿ ಈ ಸಲ ಇಷ್ಟು ತಿಂಗಳಾದರೂ ಆಸ್ಪತ್ರೆ ಕಡೆ ತಲೆ ಹಾಕಿರಲಿಲ್ಲ.

"ಕೊನೇ ಸಲ ಹೊರಗಾಗಿದ್ದು ಯಾವಾಗ ಶ್ವೇತ?"

"ಯುಗಾದಿ ಕಳೆದ್ಮೇಲೆ ಮೊದಲ್ನೇ ಬೆಳೆ ಅಕ್ಕಾ. ಮೂರ್ನೇ ಜ್ವರದ ದಿನ."

ಪ್ರತಿಮಾ ಅಲ್ಲಿಂದಲೇ ನಟರಾಜುಗೆ ಫೋನ್ ಹಚ್ಚಿದಳು. "ಕೆಂಚಮ್ಮನವರ ಮನೆಗೆ ಯುಗಾದಿ ಆದ್ಮೇಲೆ ಮೊದಲ ಸಲ ಹುಳ ಕೊಟ್ಟಿದ್ದು ಯಾವತ್ತು?"

"ಮಾರ್ಚ್ ಇಪ್ಪತ್ತಮೂರು," ಅಂದ. ಅಷ್ಟೇ. ತಮಾಷೆ ಇಲ್ಲ, ಏನಿಲ್ಲ. ಪ್ರತಿಮಾ ನಾಲ್ಕು ದಿನ ಕೂಡಿಸಿ, ಮಾರ್ಚ್ ಇಪ್ಪತ್ತೇಳು ಎಂದು ಕಾರ್ಡಿನಲ್ಲಿ ಬರೆದಳು. ಅಂದರೆ ಇವತ್ತಿಗೆ ಮೂವತ್ತೆಂಟು ವಾರ.

ಆದರೆ ಮಶೀನ್ ಬೇರೆಯೇ ಹೇಳಿತು. ತಲೆ ಅಳೆದಳು, ಮೂವತ್ತೆರಡು ವಾರ. ಹೊಟ್ಟೆ, ತೊಡೆ ಮೂಳೆ, ಅವೂ ಮೂವತ್ತೆರಡು. ಮಾಸಿನ ದಪ್ಪ ಮೂವತ್ತೆರಡು ಮಿಲಿಮೀಟರ್. ಎಲ್ಲವನ್ನೂ ಇನ್ನೊಂದು ಸಲ ಅಳೆದಳು, ಅಷ್ಟೇ ಬಂತು.

ಹೆರಿಗೆ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಮುನವ್ವರಾ ಮೇಡಂ ರಿಪೋರ್ಟ್ ನೋಡಿದರು. "ಮಗು ಒಳಗೆ ಬೆಳೀತಾ ಇಲ್ಲ. ದಿನ ತುಂಬಿದೆ. ಇನ್ನು ಕಾಯೋದು ಅಪಾಯ. ಸೋಮವಾರ ಬೆಳಿಗ್ಗೆ ಆಪರೇಷನ್."

"ಮೇಡಂ, ನೀರು ಚೆನ್ನಾಗಿದೆ, ರಕ್ತದ ಓಡಾಟ ಚೆನ್ನಾಗಿದೆ. ಮಾಸು ಕೂಡ ಮೂವತ್ತೆರಡೇ ಅಂತಿದೆ. ಮಗುಗೆ ನಿಜವಾಗ್ಲೂ ಮೂವತ್ತೆರಡೇ ವಾರ ಆಗಿದ್ರೆ?"

"ಮಗು ಸಣ್ಣದಾದ್ರೆ ಮಾಸೂ ತೆಳ್ಳಗೇ ಇರುತ್ತೆ ಪ್ರತಿಮಾ. ಅದನ್ನ ನಂಬಿ ಕೂತ್ಕೊಳ್ಳೋಕಾಗಲ್ಲ. ತಾರೀಖು ಗೊತ್ತಿಲ್ಲದಿದ್ರೆ ಬೇರೆ ಮಾತು. ತಾರೀಖು ಬರೆದವಳು ನೀನೇ ಅಲ್ವಾ?"

ಹೌದು, ತಾನೇ. ಆರು ತಿಂಗಳಿಂದ ಎಲ್ಲರ ಮುಂದೆ ಈ ರೇಷ್ಮೆ ತಾರೀಖಿನ ಜಂಬ ಕೊಚ್ಚಿಕೊಂಡು ತಿರುಗಿದವಳೂ ತಾನೇ. ತಾರೀಖು ಸರಿಯಾಗಿದ್ದರೆ ಕಾಯುವುದು ಅಪಾಯ. ತಪ್ಪಾಗಿದ್ದರೆ ಸೋಮವಾರ ಎರಡು ತಿಂಗಳು ಮುಂಚೆ, ಉಸಿರಾಡಲು ಬಾರದ ಕೂಸನ್ನು ಹೊರಗೆ ತೆಗೆದ ಹಾಗೆ. ಒಂದು ಬಸಿರು ಕಳೆದುಕೊಂಡ ಹುಡುಗಿ.

ಶನಿವಾರ ಮಧ್ಯಾಹ್ನ ಸ್ಕೂಟರ್ ನೇರ ಚಾಕಿ ಕೇಂದ್ರದ ಮುಂದೆ ನಿಂತಿತು.

"ಮಾರ್ಚ್ ಇಪ್ಪತ್ತಮೂರು ಖಂಡಿತ ತಾನೆ?"

"ಖಂಡಿತ. ನೀವೇ ನೋಡಿ." ಕ್ಯಾಲೆಂಡರ್ ಕೊಟ್ಟ. ಹೆಸರು ಇತ್ತು. ಆದರೆ ಇವತ್ತು ಅವನು ಅವಳನ್ನು ನೋಡುತ್ತಿರಲಿಲ್ಲ. ಯಾಕೆ ನೋಡುತ್ತಿಲ್ಲ? ಪ್ರತಿಮಾಗೆ ಥಟ್ಟನೆ ಒಂದು ಪ್ರಶ್ನೆ ಹೊಳೆಯಿತು.

"ನಟರಾಜು, ಆ ಹುಳ ಗೂಡು ಕಟ್ಟಿದ್ವಾ?"

ಅವನ ಕೈ ಬಾಗಿಲ ಚೌಕಟ್ಟು ಹಿಡಿಯಿತು. "ಕಟ್ಟಿದ್ವು," ಅಂದ.

ಅವನು ಸುಳ್ಳು ಹೇಳಬಹುದು ಅಂತ ಅವಳಿಗೆ ಅನ್ನಿಸಲೇ ಇಲ್ಲ. ಅಷ್ಟು ನಂಬಿದ್ದಳು. "ಥ್ಯಾಂಕ್ಸ್" ಅಂದು ಹೊರಟಳು.

ಸೋಮವಾರ ಬೆಳಿಗ್ಗೆ ಎಂಟೂವರೆ. ಆಪರೇಷನ್ ಥಿಯೇಟರ್ ಮುಂದೆ ಶ್ವೇತ ಹಸಿರು ಗೌನ್ ತೊಟ್ಟು ಸ್ಟ್ರೆಚರ್ ಮೇಲೆ ಮಲಗಿದ್ದಳು. ಗಂಡ ಲೋಕೇಶ್ ಅವಳ ಕೈ ಹಿಡಿದು ನಿಂತಿದ್ದ. ಕೆಂಚಮ್ಮ ಸೆರಗಿನ ತುದಿ ಕಚ್ಚಿಕೊಂಡು ಗೋಡೆಗೆ ಒರಗಿದ್ದಳು. ಪ್ರತಿಮಾ ಮತ್ತೊಂದು ಸಲ ಮುನವ್ವರಾ ಮೇಡಂ ಮುಂದೆ ನಿಂತು ಸ್ಕ್ಯಾನ್ ರಿಪೋರ್ಟನ್ನು ಮತ್ತೆ ತೋರಿಸುತ್ತಿದ್ದಳು.

ಆಗ ಮೆಟ್ಟಿಲು ಹತ್ತಿ ನಟರಾಜು ಓಡಿಬಂದ. ಚಪ್ಪಲಿ ಇಲ್ಲ, ಅಂಗಿ ಗುಂಡಿ ಮೇಲೆ ಕೆಳಗೆ.

"ಮೇಡಂ, ಒಸಿ ತಡೀರಿ. ಆ ತಾರೀಖು ತಪ್ಪು."

"ಯಾರಪ್ಪಾ ನೀನು?" ಅಂದರು ಮೇಡಂ.

"ಚಾಕಿ ಹುಳ ಕೊಡೋನು. ಮಾರ್ಚ್‌ನಲ್ಲಿ ಇವ್ರ ಮನೆಗೆ ಕೊಟ್ಟ ಹುಳ ಉಳೀಲಿಲ್ಲ. ಮೂರ್ನೇ ದಿನಕ್ಕೇ ಎಲ್ಲ ಹೋದ್ವು. ಹಾಲುತೊಂಡೆ ರೋಗ. ಬದಲಿ ಹುಳ ಮೇ ನಾಲ್ಕಕ್ಕೆ ಕೊಟ್ಟಿದ್ದು."

"ಲೇ ನಟರಾಜ!" ಕೆಂಚಮ್ಮ ಸಿಡಿದಳು. "ಹೋದ ಬೆಳೆ ಸುದ್ದಿ ಎತ್ತಬ್ಯಾಡ ಅಂತ ನೀನೇ ಅಲ್ವೇನ್ಲಾ ಆಣೆ ಹಾಕ್ಸಿದ್ದು? ಈ ಹೊತ್ನಾಗೆ, ಈ ಜಾಗ್ದಾಗೆ ಅದನ್ನ ಬಾಯಿಗೆ ತತ್ತೀಯಲ್ಲ!"

ಆ ಕಡೆ ಹುಳು ಸತ್ತ ಮನೆಯಲ್ಲಿ ಅದರ ಮಾತೇ ಆಡುವುದಿಲ್ಲ. ಸತ್ತ ಬೆಳೆಯನ್ನು ಬೆಳೆ ಅಂತಲೂ ಎಣಿಸುವುದಿಲ್ಲ. ಆಡಿದರೆ ಮುಂದಿನ ಹುಳುವಿಗೂ ತಟ್ಟುತ್ತದೆ ಅನ್ನುವ ಭಯ. ಪ್ರತಿಮಾ ಮಾಗಡಿಯವಳಾಗಿದ್ದೂ ಇದನ್ನು ಹೇಗೆ ಮರೆತಳು? ಓಡಿಹೋಗಿ ಸ್ಟ್ರೆಚರ್ ಹಿಡಿದಳು.

"ಶ್ವೇತ, ಯುಗಾದಿ ಆದ್ಮೇಲೆ ಮೊದಲನೇ ಬೆಳೆ ಅಂದ್ಯಲ್ಲ. ಅದು ಸತ್ತ ಹುಳನಾ, ಆಮೇಲೆ ಬಂದಿದ್ದಾ?"

ಶ್ವೇತ ಅತ್ತೆಯ ಮುಖ ನೋಡಿದಳು. ಕೆಂಚಮ್ಮ ಕಣ್ಣೊರೆಸಿಕೊಂಡು, "ಹೇಳವ್ವ" ಅಂದಳು.

"ಸತ್ತಿದ್ದು ಬೆಳೆ ಎಂಗಾದದು ಅಕ್ಕಾ? ಅವು ಜ್ವರಕ್ಕೇ ಹೋಗ್ನಿಲ್ವಲ್ಲ. ನಾನು ಹೇಳಿದ್ದು ಆಮ್ಯಾಕೆ ಬಂದಿದ್ದು."

ಮೇ ನಾಲ್ಕು. ನಾಲ್ಕು ದಿನ ಸೇರಿಸಿದರೆ ಮೇ ಎಂಟು. ಪ್ರತಿಮಾ ಬೆರಳೆಣಿಸುವ ಮೊದಲೇ ಮುನವ್ವರಾ ಮೇಡಂ ಲೆಕ್ಕ ಹಾಕಿ ಮುಗಿಸಿದ್ದರು. "ಮೊನ್ನೆ ಶುಕ್ರವಾರಕ್ಕೆ ಸರಿಯಾಗಿ ಮೂವತ್ತೆರಡು ವಾರ," ಅಂದರು. ಆಮೇಲೆ ನಿಧಾನವಾಗಿ, "ಪ್ರತಿಮಾ, ನಿನ್ನ ಮಾಸು ಸುಳ್ಳು ಹೇಳಿರಲಿಲ್ಲ ಕಣಮ್ಮ. ಈ ಹುಡುಗೀನ ವಾರ್ಡಿಗೆ ಕರ್ಕೊಂಡು ಹೋಗಿ. ಎರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ," ಅಂದರು.

ಲೋಕೇಶ್ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಅತ್ತುಬಿಟ್ಟ.

ಎಲ್ಲರೂ ಹೋದ ಮೇಲೆ ಕಾರಿಡಾರಿನಲ್ಲಿ ಇಬ್ಬರೇ ಉಳಿದರು. ಪ್ರತಿಮಾಳ ಪೇಟೆಯ ಕನ್ನಡವೆಲ್ಲ ಎಲ್ಲೋ ಹಾರಿಹೋಗಿ ಮಾಗಡಿಯ ಮಾತು ನುಗ್ಗಿಬಂತು.

"ಕೇಳಿದ್ನಲ್ಲ ನಿಮ್ಮನ್ನ! ಗೂಡು ಕಟ್ಟಿದ್ವಾ ಅಂತ ಬಾಯಿಬುಟ್ಟು ಕೇಳಿದ್ನಲ್ಲ! ಒಂದು ಕೂಸು ಹೋಗ್ಬುಡ್ತಿತ್ತು!"

"ನನ್ನಾಣೆ, ಮಗು ವಿಷ್ಯ ಗೊತ್ತಿರಲಿಲ್ಲ. ನಿನ್ನೆ ಲೋಕೇಶ ರಾಗಿ ಹೊಲದ ತಾವ ಸಿಕ್ಕಿ ಹೇಳ್ದ, ನಾಳೆ ಆಪರೇಷನ್ನು, ತಿಂಗಳಿಗೆ ತಕ್ಕಂಗೆ ಮಗು ಬೆಳ್ದಿಲ್ವಂತೆ ಅಂತ. ಮನೇಗ್ ಬಂದು ಕ್ಯಾಲೆಂಡರ್ ನೋಡ್ದೆ. ನೀವು ಕೇಳಿದ್ ಮನೆಗಳಾಗೆಲ್ಲ ಒಬ್ಬೊಬ್ಬಳು ಬಸ್ರಿ. ಆಗ ತಿಳೀತು, ನೀವು ಹುಳ ಕೇಳ್ತಾ ಇರಲಿಲ್ಲ, ಬಸ್ರಿನ ದಿನ ಎಣಿಸ್ತಿದ್ರಿ ಅಂತ. ಫೋನ್ ಮಾಡ್ದೆ, ನೀವು ಎತ್ತಲಿಲ್ಲ. ಬೆಳಕಾಗ್ತಿದ್ದಂಗೆ ಬಂದ್ಬುಟ್ಟೆ."

ಫೋನನ್ನು ಅವಳು ಬೇಸರಕ್ಕೆ ಸೈಲೆಂಟಿನಲ್ಲಿಟ್ಟಿದ್ದಳು. ಅದು ನಿಜ.

"ಸುಳ್ಳು ಯಾಕೆ ಹೇಳಿದ್ರಿ?"

ಅವನು ತಲೆ ತಗ್ಗಿಸಿದ. "ಆ ಸಲ ಅವ್ರಿಗೆ ಕೊಟ್ಟ ಕೊನೇ ತಟ್ಟೆಗಳನ್ನ ಇಡೋ ಮುಂಚೆ ರೂಮು ಬ್ಲೀಚ್ ಮಾಡ್ನಿಲ್ಲ. ಸೋಮಾರಿತನ. ಊರಿಗೆಲ್ಲ ಪಾದ ಅದ್ದಿ, ಕೈ ತೊಳೀರಿ ಅನ್ನೋನು ನಾನೇ ಮಾಡ್ನಿಲ್ಲ. ಹೆಸ್ರು ಹೋಯ್ತದೆ ಅಂತ ಅವ್ರ ಬಾಯಿ ಕಟ್ಟಿದೆ. ನೀವು ಕೇಳ್ದಾಗ ಹೆಸ್ರಿನ ಯೋಚ್ನೆ ಬರ್ನಿಲ್ಲ. ನಿಮ್ಮ ಮುಂದೆ ಸಣ್ಣೋನಾಗ್ಬುಡ್ತೀನಲ್ಲ ಅಂತ ಜೀವ ಹೆದ್ರಿಕೊಂತು. ನೀವು ಅಂದ್ರೆ ನಂಗೆ ಅಷ್ಟು ಇಷ್ಟ. ಇದನ್ನ ಹೇಳೋಕೆ ಒಳ್ಳೆ ದಿನ ನೋಡ್ತಿದ್ದೆ. ಈಗ ಹೇಳೋ ಮುಖ ಉಳಿದಿಲ್ಲ, ಆದ್ರೂ ಹೇಳ್ಬುಟ್ಟೆ."

ಪ್ರತಿಮಾಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅವನ ಬರಿಗಾಲು ನೋಡಿ ಅಳುವೂ ಬಂತು. ಎರಡನ್ನೂ ಮಾಡದೆ, "ಹೋಗಿ ಇಲ್ಲಿಂದ," ಅಂದಳು. ಅವನು ಹೋದ.

ಎರಡು ವಾರದ ನಂತರದ ಸ್ಕ್ಯಾನಿನಲ್ಲಿ ಮಗು ಬೆಳೆಯಬೇಕಾದಷ್ಟೇ ಬೆಳೆದಿತ್ತು. ಮಾಸು ಮೂವತ್ತನಾಲ್ಕು ಮಿಲಿಮೀಟರ್. ಪ್ರತಿಮಾ ಕತ್ತಲ ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದಳು. ಇದನ್ನು ಮೊದಲು ಯಾರಿಗೆ ಹೇಳಬೇಕು ಅಂತ ಮನಸ್ಸು ಓಡಿತೋ, ಆ ಹೆಸರಿನ ಮೇಲೆ ಬೆರಳಿಟ್ಟು, ಫೋನ್ ಮಾಡದೆ ಸುಮ್ಮನಾದಳು. ಸಿಟ್ಟು ಇನ್ನೂ ಇತ್ತು. ಸಿಟ್ಟಿಗಿಂತ ಜಾಸ್ತಿ ಅವನ ನೆನಪಿತ್ತು, ಅದಕ್ಕೆ ಮತ್ತಷ್ಟು ಸಿಟ್ಟು ಬರುತ್ತಿತ್ತು.

ಮಿಕ್ಕ ಸುದ್ದಿ ಮಾಯಮ್ಮನಿಂದ ಬಂತು. ನಟರಾಜು ಸುಮ್ಮನಿರಲಿಲ್ಲವಂತೆ. ತನ್ನಲ್ಲಿ ಹುಳು ತೆಗೆದುಕೊಳ್ಳುವ ಮನೆ ಮನೆಗೂ ಹೋಗಿ, ಮಾರ್ಚ್‌ನಲ್ಲಿ ತಾನು ಮಾಡಿದ ತಪ್ಪು ಇಂಥದ್ದು ಎಂದು ತಾನೇ ಹೇಳಿದನಂತೆ. ಅರ್ಧಕ್ಕರ್ಧ ರೈತರು ಬೇರೆ ಕೇಂದ್ರಕ್ಕೆ ಹೋದರಂತೆ. "ಯಾರಿಗೂ ಗೊತ್ತಾಗ್ತಾನೇ ಇರಲಿಲ್ಲ ಮೇಡಂ," ಅಂದಳು ಮಾಯಮ್ಮ. "ಇವನಿಗೆ ಯಾತಕ್ಕೆ ಬೇಕಿತ್ತು?"

ಯಾತಕ್ಕೆ ಅಂತ ಪ್ರತಿಮಾಗೆ ಗೊತ್ತಿತ್ತು.

ಫೆಬ್ರವರಿ ಎರಡನೇ ವಾರ ಶ್ವೇತಳಿಗೆ ಸಹಜ ಹೆರಿಗೆಯಾಯಿತು. ಹೆಣ್ಣು ಮಗು, ಎರಡು ಕೇಜಿ ಒಂಬೈನೂರು ಗ್ರಾಂ. ಹುಟ್ಟಿದ್ದೇ ತಡ ಇಡೀ ವಾರ್ಡಿಗೆ ಕೇಳುವಂತೆ ಕಿರುಚಿತು. ಕೆಂಚಮ್ಮ ಪ್ರತಿಮಾಳ ಗಲ್ಲ ಹಿಡಿದು, "ಮುಂದ್ಲ ಬೆಳೆ ಹುಳ ನಾನು ನಟರಾಜನ ತಾವ್ಲೇ ತಗಳೋದು ಕಣವ್ವ. ತಪ್ಪು ಒಪ್ಕಂಡೋನು ಇನ್ನೊಂದು ದಪ ಮಾಡಾಕಿಲ್ಲ," ಅಂದಳು. ಆ ಮಾತು ಪ್ರತಿಮಾಳ ಎದೆಯಲ್ಲಿ ಹೋಗಿ ಕೂತಿತು. ಅವತ್ತೇ ಮಾಗಡಿಗೆ ಫೋನ್ ಮಾಡಿ ಅಪ್ಪ ವೆಂಕಟಯ್ಯನ ಜೊತೆ ಒಂದು ಗಂಟೆ ಮಾತಾಡಿದಳು. ಮಾರನೇ ದಿನ ಕೈಲಾಂಚದ ದಾರಿ ಹಿಡಿದಳು.

ಅವನು ಖಾಲಿ ತಟ್ಟೆಗಳನ್ನು ಬಿಸಿಲಿಗೆ ಒಡ್ಡುತ್ತಿದ್ದ. ಅವಳನ್ನು ನೋಡಿ ನಿಂತ ಜಾಗದಲ್ಲೇ ನಿಂತ. ಒಣಗಿಹೋಗಿದ್ದ, ಗಡ್ಡ ಬಂದಿತ್ತು.

"ಮಗು ಚೆನ್ನಾಗೈತಾ?" ಅಂದ.

"ಚೆನ್ನಾಗಿದೆ. ತಪ್ಪು ನಂದೂ ಇತ್ತು ನಟರಾಜು. ಹುಳ ಕೊಟ್ಟಿದ್ದು ಯಾವತ್ತು ಅಂತ ಕೇಳಿ, ಅವು ಜ್ವರಕ್ಕೆ ಮಲಗಿದ್ವಾ ಅಂತ ಕೇಳದೇ ತಾರೀಖು ಬರೆದೆ. ನೀವು ಬರದೇ ಇದ್ದಿದ್ರೆ ನನ್ನ ಕೈಬರಹಕ್ಕೆ ಆ ಕೂಸು ಬಲಿಯಾಗ್ತಿತ್ತು."

"ಮೊದಲ್ನೇ ಸಲಾನೇ ಹೇಳಿದ್ರೆ ಓಡಿಬರೋದೇ ಬೇಕಿರಲಿಲ್ಲ."

"ಅದೂ ನಿಜ. ಅದಕ್ಕೆ ಇನ್ನೂ ಒಂದು ತಿಂಗಳು ಬೈತೀನಿ."

ಅವನ ಕಣ್ಣಲ್ಲಿ ಏನೋ ಮಿಸುಕಾಡಿತು. ಒಂದು ತಿಂಗಳು ಬೈಯಬೇಕಾದರೆ ಒಂದು ತಿಂಗಳು ಬರಬೇಕಲ್ಲ ಎಂದು ಲೆಕ್ಕ ಹಾಕುತ್ತಿದ್ದ ಅಂತ ಅವಳಿಗೆ ಅನ್ನಿಸಿತು. ಅವಳೇ ಮುಂದುವರಿಸಿದಳು.

"ಭಾನುವಾರ ನಮ್ಮಪ್ಪ ಇಲ್ಲಿಗೆ ಬರ್ತಾರೆ."

"ಹುಳ ಬೇಕಿತ್ತಾ ಅವ್ರಿಗೆ?"

"ಹುಳ ಅಲ್ಲ. ಹುಳ ಸಾಕೋನನ್ನ ನೋಡೋಕೆ."

ನಟರಾಜುವಿನ ಕೈಯಿಂದ ತಟ್ಟೆ ಜಾರಿತು. ಬಗ್ಗಿ ಎತ್ತಿಕೊಳ್ಳುವುದನ್ನೂ ಮರೆತು ಅವಳನ್ನೇ ನೋಡಿದ. ಆ ಉದ್ದನೆಯ ರೆಪ್ಪೆಗಳು ಒದ್ದೆಯಾಗಿದ್ದವು. ಪ್ರತಿಮಾ ಈ ಸಲ ಕಣ್ಣು ಬೇರೆ ಕಡೆ ಹೊರಳಿಸಲಿಲ್ಲ.

"ನಾನು ಅವ್ರ ಮುಂದೆ ಏನಂತ ಹೇಳ್ಲಿ ಪ್ರತಿಮಾ?"

"ಮೊದಲು ಮಾರ್ಚ್ ತಿಂಗಳ ಹುಳದ ವಿಷಯ ಹೇಳಿ. ಬ್ಲೀಚ್ ಮಾಡದೇ ಇದ್ದಿದ್ದು, ಬಾಯಿ ಕಟ್ಟಿದ್ದು, ನನ್ನ ಹತ್ರ ಸುಳ್ಳು ಹೇಳಿದ್ದು, ಒಂದನ್ನೂ ಬಿಡಬೇಡಿ."

"ಅಷ್ಟೂ ಕೇಳಿದ್ಮೇಲೆ ಎದ್ದು ಹೊಂಟೋದ್ರೆ?"

"ಹೋಗಲ್ಲ. ನೀವು ಅಷ್ಟು ಹೇಳಿ ಸಾಕು," ಅಂದಳು ಪ್ರತಿಮಾ. "ಮಿಕ್ಕಿದ್ದನ್ನ ನಾನು ಹೇಳ್ತೀನಿ."